ಉತ್ತರ ಹೇಳಿದವರಿಗೆ ರೊಕ್ಕ ಯಾಕೆ ಕೊಡುತ್ತಾರೆ?

ಸರ್ವೆಗೆ ಉತ್ತರ ಕೊಡಿ, ರೊಕ್ಕ ಗಳಿಸಿ ಎಂಬ ಮೆಸೇಜು ಈಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಫೋನುಗಳಿಗೂ ಬರುತ್ತದೆ. ಇದು ಖರೆಯೋ, ಮೋಸವೋ? ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಪ್ರಶ್ನೆ ಕೇಳಲು ಬರುತ್ತಿದ್ದವರು ಸರ್ಕಾರದವರು. ಹೊಲ ಅಳೆಯುವವರು, ಜನ ಎಣಿಸುವವರು. ಅವರನ್ನು ಕಂಡರೆ ಕಂದಾಯ ಹೆಚ್ಚಾದೀತೆಂಬ ಅಂಜಿಕೆ ಸಹಜ.

1950ರಲ್ಲಿ ಪಿ.ಸಿ. ಮಹಾಲನೋಬಿಸ್ ಅವರ ಮುಂದಾಳತ್ವದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಆಯ್ದ ಕೆಲವೇ ಮನೆಗಳಲ್ಲಿ ಕಾಳುಕಡಿ, ಎಣ್ಣೆ, ಬಟ್ಟೆಯ ಖರ್ಚು ಕೇಳಿ ಇಡೀ ದೇಶದ ಲೆಕ್ಕ ಹಾಕುವುದು ಅದರ ರೀತಿ. ಅನ್ನ ಬೆಂದಿದೆಯೇ ನೋಡಲು ಒಂದೆರಡು ಅಗುಳು ಹಿಚುಕಿದರೆ ಸಾಕಲ್ಲ, ಹಾಗೆ.

ಇದೇ ರೀತಿ ವ್ಯಾಪಾರಕ್ಕೂ ಬಂತು. 1960ರಲ್ಲಿ ವಿಕ್ರಮ್ ಸಾರಾಭಾಯಿ ಬರೋಡಾದಲ್ಲಿ ಆಪರೇಷನ್ಸ್ ರಿಸರ್ಚ್ ಗ್ರೂಪ್ ಕಟ್ಟಿದರು. ಮಾರುಕಟ್ಟೆ ಸಮೀಕ್ಷೆಯಲ್ಲಿ ಅದು ದೊಡ್ಡ ಹೆಸರಾಯಿತು. ಇತ್ತ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಕಾಲುವೆ ನೀರಿನಿಂದ ಗಂಗಾವತಿ ಭತ್ತದ ಕಣಜವಾಯಿತು. ಬೆಳೆಯುವ ನಾವು ಬೀಜ, ಗೊಬ್ಬರ, ಔಷಧಿ ಕೊಳ್ಳುವವರೂ ಆದೆವು. ಕೊಳ್ಳುವವರ ಮನಸ್ಸು ತಿಳಿದರೆ ಕಂಪನಿಗೆ ಲಾಭ. ಅದಕ್ಕೇ ನಮ್ಮ ಹೊತ್ತಿಗೆ ರೊಕ್ಕ, ಇಲ್ಲವೇ ಒಂದು ಗಿಫ್ಟು.

ಖರೆ ಸರ್ವೆ ಹೇಗಿರುತ್ತದೆ? ಮೊದಲು ವಯಸ್ಸು, ಕೆಲಸ, ಏನು ಕೊಳ್ಳುತ್ತೀರಿ ಎಂದು ಕೇಳುತ್ತಾರೆ. ಅವರಿಗೆ ಬೇಕಾದವರು ನೀವಲ್ಲದಿದ್ದರೆ ಅಲ್ಲಿಗೇ ಬಿಡುತ್ತಾರೆ, ಬೇಸರ ಬೇಡ. ಆಮೇಲೆ ಮನೆಯಲ್ಲೇ ಮಾತು, ಅಥವಾ ಎಂಟು-ಹತ್ತು ಜನ ಕೂತು ಚರ್ಚೆ, ಅಥವಾ ಸೋಪೋ ಚಹಾಪುಡಿಯೋ ಕೊಟ್ಟು ಬಳಸಿ ನೋಡಿ ಎನ್ನುತ್ತಾರೆ. ಮಾತು ರೆಕಾರ್ಡ್ ಮಾಡುವ ಮುಂಚೆ ನಿಮ್ಮನ್ನು ಕೇಳಬೇಕು. ಇಲ್ಲಿ ಸರಿ ಉತ್ತರ, ತಪ್ಪು ಉತ್ತರ ಇಲ್ಲ. ಚಲೋ ಇಲ್ಲದ್ದನ್ನು ಚಲೋ ಇಲ್ಲ ಅನ್ನಿ. ಬೇಡವೆನಿಸಿದರೆ ನಡುವೆ ಎದ್ದು ಬರಬಹುದು. ಇದು ಎಂದೋ ಒಮ್ಮೆ ಸಿಗುವ ಸಣ್ಣ ಮೊತ್ತ. ತಿಂಗಳ ಪಗಾರ ಅಲ್ಲ.

ಈ ಇತಿಹಾಸದಿಂದ ನಾವು ನೆನಪಿಡಬೇಕಾದ್ದು ಒಂದೇ: ಉತ್ತರ ಬೇಕಾದದ್ದು ಅವರಿಗೆ, ಹಾಗಾಗಿ ರೊಕ್ಕ ಅವರಿಂದ ನಮಗೆ ಬರಬೇಕು. ನೋಂದಣಿ ಶುಲ್ಕ, ಡಿಪಾಸಿಟ್, ಓಟಿಪಿ, ಪಿನ್ ಕೇಳಿದರೆ ಅದು ಸರ್ವೆ ಅಲ್ಲ, ಮೋಸ. ರೊಕ್ಕ ಪಡೆಯಲು ಪಿನ್ ಒತ್ತಬೇಕಿಲ್ಲ. ಕಳೆದುಕೊಂಡಿದ್ದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ಫೋನ್ ಮಾಡಿ.