ಕಳ್ಳಿನಿಂದ ಉಬ್ಬಿದ ರೊಟ್ಟಿ

ಐವತ್ತು ದಾಟಿದ ಮೇಲೆ, 2020ರ ಲಾಕ್‌ಡೌನಿನಲ್ಲಿ, ಮನೆಯಲ್ಲೇ ಬ್ರೆಡ್ ಮಾಡಲು ಕಲಿತೆ. ಇತಿಹಾಸದ ಟೀಚರಲ್ಲವೆ, ಹಿಟ್ಟಿಗಿಂತ ಮೊದಲು ಅದರ ಕಥೆಯೇ ಬೇಕೆನಿಸಿತು.

ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಲ್ಲಿ ಹಿಟ್ಟು ಉಬ್ಬಿಸಲು ಅವರ ಕೈಹಿಡಿದದ್ದು ತೆಂಗಿನ ಕಳ್ಳು. ಮಂಗಳೂರಿನ ಕ್ರೈಸ್ತರ ಮನೆಯ ಸಾನ್ನಾಂ ಉಬ್ಬುತ್ತಿದ್ದುದೂ ಅದರಿಂದಲೇ. ‘ಪಾವ್’ ಎಂಬ ಮಾತೂ ಪೋರ್ಚುಗೀಸರದೇ.

ಕಳ್ಳು ಬಿದ್ದದ್ದು ಮಡಿಯ ಮನೆಯೊಳಗೆ ಬಂದೀತೆ? ನಮ್ಮಜ್ಜಿಯ ಲೆಕ್ಕದಲ್ಲಿ ಬ್ರೆಡ್ ಜ್ವರದವರ ಪಥ್ಯ; ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. 1898ರಲ್ಲಿ ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರು. ಮುಂದೆ ಊರೂರಿಗೂ ಬಂದ ‘ಅಯ್ಯಂಗಾರ್ ಬೇಕರಿ’ ಎಂಬ ಬೋರ್ಡೇ ಒಂದು ಪರವಾನಗಿಯಾಯಿತು. ಮೊಟ್ಟೆಯಿಲ್ಲ, ತಿನ್ನಬಹುದು! ಆದರೆ ಬೇಕರಿಯ ಒಲೆಯ ಮುಂದೆ ನಿಂತವರು ಗಂಡಸರೇ. ದಿನವೂ ದೋಸೆಹಿಟ್ಟು ಹುದುಗಿಸುವ ಹೆಂಗಸರನ್ನು ಯಾರೂ ಕರೆಯಲಿಲ್ಲವೆಂಬುದು ನನ್ನ ತಕರಾರು.

ಹುದುಗುವುದು ಜೀವಿಗಳ ಕೆಲಸವೆಂದು 1857ರ ಸುಮಾರಿಗೆ ಪಾಶ್ಚರ್ ತೋರಿಸಿದ. ಆದ್ದರಿಂದಲೇ ಯೀಸ್ಟಿಗೆ ಕುದಿನೀರು ಕೂಡದು. ಕೂಸಿನ ಸ್ನಾನದ ಹದ ಸಾಕು. ಚಿಟಿಕೆ ಸಕ್ಕರೆ ಹಾಕಿ, ಹತ್ತು ನಿಮಿಷದಲ್ಲಿ ನೊರೆ ಬಂದರೆ ಯೀಸ್ಟ್ ಬದುಕಿದೆಯೆಂದು ಅರ್ಥ. ಹಿಟ್ಟನ್ನು ಚಪಾತಿಗಿಂತ ಮೆತ್ತಗೆ ಕಲಸಿ, ಚೆನ್ನಾಗಿ ನಾದಿ, ಎರಡರಷ್ಟಾಗುವವರೆಗೆ ಬಟ್ಟೆ ಮುಚ್ಚಿಡಿ. ಅಚ್ಚಿನಲ್ಲಿಟ್ಟ ಮೇಲೆ ಇನ್ನೊಮ್ಮೆ ಉಬ್ಬಬೇಕು. ಓವನ್ನಿನಲ್ಲಿ 200 ಡಿಗ್ರಿ, ಸುಮಾರು ಅರ್ಧ ಗಂಟೆ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಮಕ್ಕಳು ಎಷ್ಟು ಕಾಡಿದರೂ ಆರುವ ಮೊದಲು ಕೊಯ್ಯಬೇಡಿ, ಒಳಗೆ ಅಂಟಾಗುತ್ತದೆ.