ನಮ್ಮನೇಲಿ ಅಂಥೋರು ಯಾರೂ ಇಲ್ಲ

2001ರ ಫೆಬ್ರವರಿ. ನಾನು ಊರಿಗೆ ಹೋಗಿದ್ದ ದಿನವೇ ಜನಗಣತಿಗೆ ಅಂತ ಸ್ಕೂಲಿನ ಮೇಷ್ಟ್ರು ಮನೆಗೆ ಬಂದಿದ್ದರು. ಹೊಸಿಲ ಹತ್ತಿರ ಕೂತ ಅಜ್ಜಿ ಒಂದೊಂದೇ ಉತ್ತರ ಹೇಳುತ್ತಿದ್ದಳು. "ಮನೇಲಿ ಅಂಗವಿಕಲರು ಯಾರಾದ್ರೂ ಇದಾರಾ ಅಜ್ಜಿ?" ಅಂತ ಮೇಷ್ಟ್ರು ಕೇಳಿದರು. "ನಮ್ಮನೇಲಿ ಅಂಥೋರು ಯಾರೂ ಇಲ್ಲಪ್ಪ" ಅಂದಳು ಅಜ್ಜಿ. ಅಲ್ಲೇ ಜಗಲಿಯಲ್ಲಿ, ಊರುಗೋಲನ್ನು ಕಂಬಕ್ಕೆ ಒರಗಿಸಿ, ಪೋಲಿಯೋ ಆದ ಕಾಲನ್ನು ಮುಂದೆ ಚಾಚಿಕೊಂಡು ಚಿಕ್ಕಪ್ಪ ಪೇಪರ್ ಓದುತ್ತಿದ್ದ. ಮೇಷ್ಟ್ರಿಗೆ ಅವನು ಗೊತ್ತಿಲ್ಲದವನೇನಲ್ಲ. ಆದರೂ ಅವರು ತಲೆ ಎತ್ತದೆ ಮುಂದಿನ ಪ್ರಶ್ನೆಗೆ ಹೋದರು.

ಅಜ್ಜಿ ಹಾಗೆ ಹೇಳಿದ್ದಕ್ಕೆ ಕಾರಣ ಇತ್ತು. ಆಗ ಅತ್ತೆಗೆ ಗಂಡು ನೋಡುತ್ತಿದ್ದರು. ಸರ್ಕಾರದ ಕಾಗದದಲ್ಲಿ ಬರೆದದ್ದು ಊರಿಗೆಲ್ಲ ಗೊತ್ತಾಗುತ್ತದೆ ಅನ್ನೋದು ಅವಳ ಭಯ. ಆ ಕಾಗದದಲ್ಲಿ ಆ ಪ್ರಶ್ನೆ ಬರುವುದಕ್ಕೆ ಎಷ್ಟು ಜನ ಬೀದಿಗಿಳಿದಿದ್ದರು ಅನ್ನೋದು ನನಗೂ ಗೊತ್ತಿರಲಿಲ್ಲ, ಅಜ್ಜಿಗಂತೂ ಇಲ್ಲವೇ ಇಲ್ಲ. ಆಮೇಲೆ ಓದುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಈ ಪ್ರಶ್ನೆ ಹೊಸದೇನಲ್ಲ. ಬ್ರಿಟಿಷರು 1872ರ ಮೊದಲ ಗಣತಿಯಿಂದ 1931ರವರೆಗೂ ಇದನ್ನು ಕೇಳಿದ್ದರು. ಕುರುಡರು, ಕಿವುಡು-ಮೂಗರು, ಹುಚ್ಚರು, ಕುಷ್ಠರೋಗಿಗಳು, ಹೀಗೆ ನಾಲ್ಕು ಗುಂಪು (ಪದಗಳು ಅವರ ಕಾಲದವು, ನನ್ನವಲ್ಲ). ಜನ ಮುಚ್ಚಿಡುತ್ತಾರೆ ಅಂತ ಆ ವರದಿಗಳನ್ನು ಬರೆದವರಿಗೂ ಗೊತ್ತಿತ್ತು. ಅಂದರೆ ನಮ್ಮಜ್ಜಿಯ ಉತ್ತರಕ್ಕೆ ನೂರು ವರ್ಷದ ಪರಂಪರೆಯೇ ಇದೆ! 1941ರಲ್ಲಿ ಪ್ರಶ್ನೆ ಬಿಟ್ಟುಹೋಯಿತು. ಸ್ವಾತಂತ್ರ್ಯ ಬಂದ ಮೇಲೆ 1951, 61, 71, ಮೂರು ಗಣತಿಗಳಲ್ಲೂ ಕೇಳಲಿಲ್ಲ.

ಇದೇ ಹೊತ್ತಿಗೆ ಸಂವಿಧಾನದ 41ನೇ ವಿಧಿ ಒಂದು ಗುರಿ ಹಾಕಿಕೊಟ್ಟಿತ್ತು. ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯ ಇರುವವರಿಗೆ ಸರ್ಕಾರ ನೆರವಾಗಬೇಕು ಅಂತ. ಜೊತೆಗೆ ಒಂದು ಕೊಕ್ಕೆಯೂ ಇದೆ: ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ. ಬಡ ದೇಶ, ಬರೆದವರನ್ನು ದೂರುವುದಿಲ್ಲ. ಆದರೆ ನೆರವು ಎಷ್ಟು ಜನಕ್ಕೆ ಬೇಕು ಅಂತಲೇ ಎಣಿಸದಿದ್ದರೆ ಸಾಮರ್ಥ್ಯ ಸಾಕೋ ಸಾಲದೋ ಅಂತ ಹೇಳೋದು ಹೇಗೆ?

1981 ವಿಶ್ವಸಂಸ್ಥೆ ಘೋಷಿಸಿದ ಅಂಗವಿಕಲರ ಅಂತಾರಾಷ್ಟ್ರೀಯ ವರ್ಷ. ಊರುಗೋಲು, ಕ್ಯಾಲಿಪರ್, ತ್ರಿಚಕ್ರ ಸೈಕಲ್, ಶ್ರವಣ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆ ಶುರುವಾದದ್ದು ಆಗಲೇ. ಆ ವರ್ಷದ ಗಣತಿಯಲ್ಲಿ ಪ್ರಶ್ನೆ ವಾಪಸ್ ಬಂತು. ಆದರೆ ಕೇಳಿದ್ದು ಪೂರ್ತಿ ಕುರುಡರು, ಪೂರ್ತಿ ಮೂಕರು, ಪೂರ್ತಿ ಕೈಕಾಲು ಇಲ್ಲದಂತಾದವರ ಬಗ್ಗೆ ಮಾತ್ರ. ಸಿಕ್ಕಿದ್ದು ಸುಮಾರು 11 ಲಕ್ಷ ಜನ. ಅದೇ ವರ್ಷ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಬೇರೆ ವ್ಯಾಖ್ಯೆ ಇಟ್ಟುಕೊಂಡು ಹುಡುಕಿದಾಗ ಸಿಕ್ಕಿದ್ದು ಸುಮಾರು 1.2 ಕೋಟಿ! ಒಂದೇ ದೇಶ, ಒಂದೇ ವರ್ಷ. ಒಂದು ಕಾಲಿಗೆ ಮಾತ್ರ ಪೋಲಿಯೋ ಆಗಿ ಊರುಗೋಲಲ್ಲಿ ಓಡಾಡುವ ಚಿಕ್ಕಪ್ಪನಂಥವರು ಮೊದಲ ಲೆಕ್ಕಕ್ಕೆ ಬರುವುದೇ ಇಲ್ಲ. 1991ರಲ್ಲಿ ಗಣತಿಯವರು ಮತ್ತೆ ಪ್ರಶ್ನೆಯನ್ನೇ ಕೈಬಿಟ್ಟರು.

1995ರ ಡಿಸೆಂಬರಿನಲ್ಲಿ ಸಂಸತ್ತು ಅಂಗವಿಕಲರ ಕಾಯ್ದೆ ಒಪ್ಪಿತು. ಸರ್ಕಾರಿ ಕೆಲಸದಲ್ಲಿ ಶೇ. 3 ಮೀಸಲು, ಬಡತನ ನಿವಾರಣೆ ಯೋಜನೆಗಳಲ್ಲಿ ಶೇ. 3ಕ್ಕೆ ಕಡಿಮೆಯಿಲ್ಲದ ಪಾಲು, 18 ವರ್ಷದವರೆಗೆ ಉಚಿತ ಶಿಕ್ಷಣ. ಒಳ್ಳೆಯ ಕಾಯ್ದೆಯೇ. ಆದರೆ ರಸ್ತೆ, ಕಟ್ಟಡ, ರೈಲು, ಬಸ್ಸಿನ ವಿಷಯಕ್ಕೆ ಬಂದಾಗ ಅದೇ ಹಳೆಯ ಮಾತು, ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ. ಇನ್ನೊಂದು ತಮಾಷೆ ನೋಡಿ. ಇಷ್ಟೆಲ್ಲ ಕೊಡುತ್ತೇವೆ ಅಂದ ಸರ್ಕಾರದ ಬಳಿ ಫಲಾನುಭವಿಗಳ ಹೊಸ ಗಣತಿಯೇ ಇರಲಿಲ್ಲ.

2001ರ ಗಣತಿಗೆ ತಯಾರಿ ನಡೆದಾಗಲೂ ಪಟ್ಟಿಯಲ್ಲಿ ಈ ಪ್ರಶ್ನೆ ಇರಲಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದ ಜಾವೇದ್ ಅಬಿದಿ (2018ರಲ್ಲಿ ತೀರಿಕೊಂಡರು) ಮತ್ತು ಅವರ ಜೊತೆಗಾರರು ಪಟ್ಟು ಹಿಡಿದರು. 1995ರ ಕಾಯ್ದೆಗಾಗಿ ದೆಹಲಿಯಲ್ಲಿ ಪ್ರತಿಭಟಿಸಿದವರೂ ಇವರೇ. ಅವರ ವಾದ ಸರಳ: ಎಣಿಸದಿದ್ದವರಿಗೆ ಬಜೆಟ್ಟಿನಲ್ಲಿ ದುಡ್ಡು ಇಡುವುದಿಲ್ಲ. ಕೊನೆಗೂ ಪ್ರಶ್ನೆ ಸೇರಿತು, 15ನೆಯದಾಗಿ. ನಮ್ಮ ಮೇಷ್ಟ್ರು ಅಜ್ಜಿಗೆ ಕೇಳಿದ್ದು ಅದನ್ನೇ.

ಬಂದ ಉತ್ತರ 2.19 ಕೋಟಿ, ಜನಸಂಖ್ಯೆಯ ಶೇ. 2.13. ಅದರಲ್ಲಿ ದೃಷ್ಟಿದೋಷದವರೇ ಒಂದು ಕೋಟಿಗೂ ಮಿಕ್ಕಿ, ನಡೆದಾಡಲು ತೊಂದರೆ ಇರುವವರು ಸುಮಾರು 61 ಲಕ್ಷ. ಮರುವರ್ಷ ಮಾದರಿ ಸಮೀಕ್ಷೆ ನಡೆದಾಗ ಎಲ್ಲ ತಿರುವುಮುರುವು! ನಡೆದಾಡಲು ತೊಂದರೆ ಇರುವವರೇ ಒಂದು ಕೋಟಿ ಮೀರಿದರು, ದೃಷ್ಟಿಯವರು 30 ಲಕ್ಷವೂ ಇಲ್ಲ. ಒಂದೇ ವರ್ಷದಲ್ಲಿ ಲಕ್ಷಾಂತರ ಜನಕ್ಕೆ ಕಣ್ಣು ಬಂತೇ? ಇಲ್ಲ. ಗಣತಿಯಲ್ಲಿ ಒಂದು ಕಣ್ಣಷ್ಟೇ ಸರಿ ಇದ್ದವರನ್ನೂ, ಕನ್ನಡಕ ಹಾಕಿ ನೋಡುವ ಅವಕಾಶವೇ ಸಿಗದೆ ಮಂಜುಮಂಜಾಗಿ ಕಾಣುವವರನ್ನೂ ಸೇರಿಸಿದ್ದರು. ಸಮೀಕ್ಷೆಯವರು ಮೂರು ಮೀಟರ್ ದೂರದಿಂದ ಬೆರಳೆಣಿಸಲು ಆಗುತ್ತದೋ ಇಲ್ಲವೋ ಅಂತ ಕೇಳಿದ್ದರು. ಕನ್ನಡಕಕ್ಕೆ ದುಡ್ಡಿಲ್ಲದವನು ಒಂದು ಪಟ್ಟಿಯಲ್ಲಿ ಅಂಗವಿಕಲ, ಇನ್ನೊಂದರಲ್ಲಿ ಅಲ್ಲ. ನನಗೆ ಈ ಇಡೀ ಕಥೆಯಲ್ಲಿ ಬಹಳ ಕಾಡಿದ್ದು ಇದೇ. ಅವನಿಗೆ ಬೇಕಿದ್ದದ್ದು ಒಂದು ಕನ್ನಡಕ ಅಷ್ಟೇ ಅಲ್ಲವಾ?

2011ರಲ್ಲಿ ವ್ಯಾಖ್ಯೆ ಮತ್ತೆ ಬದಲಾಯಿತು. ದೃಷ್ಟಿಯವರು ಅರ್ಧಕ್ಕಿಂತ ಕೆಳಗಿಳಿದರು, ಕಿವಿ ಕೇಳದವರು ಸುಮಾರು 12.6 ಲಕ್ಷದಿಂದ 50 ಲಕ್ಷಕ್ಕೆ ಏರಿದರು. ಒಟ್ಟು 2.68 ಕೋಟಿ. ನಮ್ಮ ಕರ್ನಾಟಕದಲ್ಲಿ 9.4 ಲಕ್ಷ ಇದ್ದದ್ದು 13.2 ಲಕ್ಷವಾಯಿತು.

2016ರ ಕಾಯ್ದೆ ಏಳಿದ್ದ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿತು, ಮೀಸಲನ್ನು ಶೇ. 4 ಮಾಡಿತು. ಹೆಸರೂ ಬದಲಾಗುತ್ತಲೇ ಬಂತು: ಅಂಗವಿಕಲ, ವಿಕಲಚೇತನ, ದಿವ್ಯಾಂಗ. (ಹೆಸರು ಬದಲಿಸುವುದು ಖರ್ಚಿಲ್ಲದ ಯೋಜನೆ ನೋಡಿ!) ಬದಲಾಗದೆ ಉಳಿದದ್ದು ಶೇ. 40ರ ಗೆರೆ. ಡಾಕ್ಟರು ಬರೆದುಕೊಟ್ಟ ಶೇಕಡಾ ಇಷ್ಟಿದ್ದರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆಗೆಯುತ್ತದೆ, ಕಡಿಮೆಯಾದರೆ ಇಲ್ಲ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಗಿ 2027ಕ್ಕೆ ನಿಗದಿಯಾಗಿದೆ. ಹೀಗಾಗಿ 21 ವೈಕಲ್ಯಗಳ ಕಾಯ್ದೆ ಇಷ್ಟು ವರ್ಷ ನಡೆದದ್ದು ಹಳೆಯ ಎಂಟು ಗುಂಪುಗಳ ಲೆಕ್ಕದ ಮೇಲೆಯೇ.

ಚಿಕ್ಕಪ್ಪನ ವಿಷಯ ಹೇಳಿ ಮುಗಿಸುತ್ತೇನೆ. 2011ರ ಹೊತ್ತಿಗೆ ಅಜ್ಜಿ ಇರಲಿಲ್ಲ. ಅತ್ತೆಗೆ ಮದುವೆಯಾಗಿ ಎರಡು ಮಕ್ಕಳು. ಈ ಸಲ ಬಂದವರು ಬೇರೆ ಮೇಷ್ಟ್ರು. ಅವರು ಇವನ ಕಾಲು ನೋಡಿ, ಕೇಳೋದೋ ಬೇಡವೋ ಅಂತ ಸಂಕೋಚದಲ್ಲಿ ಪೆನ್ನು ತಿರುಗಿಸುತ್ತಾ ಕೂತರಂತೆ. "ಬರ್ಕೊಳ್ಳಿ ಸಾರ್, ಹೋದ ಸಲ ಬಿಟ್ಟೋಗಿತ್ತು" ಅಂದನಂತೆ ಚಿಕ್ಕಪ್ಪ.