ಕೂದಲ ಗೂಡು

ಎರಡನೇ ಮಹಾಯುದ್ಧದ ಕಾಲದಲ್ಲಿ ಒಂದು ಗುಂಡೂ ತಗಲದೆ ಆಸ್ಪತ್ರೆ ಸೇರಿದ ಅಮೆರಿಕದ ಸೈನಿಕರಲ್ಲಿ ಸುಮಾರು 79,000 ಮಂದಿಯದು ಒಂದೇ ಕಾಯಿಲೆ. ಬೆನ್ನಿನ ಕೆಳತುದಿಯಲ್ಲಿ, ಪಿರ್ರೆಗಳ ನಡುವಿನ ಸೀಳಿನಲ್ಲಿ, ಕೀವು ತುಂಬಿದ ಹುಣ್ಣು. ಕೂರಲಾಗದು, ಅಂಗಾತ ಮಲಗಲಾಗದು, ನಾಚಿಕೆಯಿಂದ ಹೇಳಿಕೊಳ್ಳಲೂ ಆಗದು. ಕುಲುಕುವ ಗಾಡಿಯ ಗಟ್ಟಿ ಸೀಟೇ ಕಾರಣವೆಂದು ಮೇಯೋ ಕ್ಲಿನಿಕ್ಕಿನ ಲೂಯಿ ಬೂಯಿ 1944ರಲ್ಲಿ ಇದಕ್ಕೆ ‘ಜೀಪ್ ಕಾಯಿಲೆ’ ಎಂಬ ಹೆಸರನ್ನೇ ಇಟ್ಟರು.

ಕಾಯಿಲೆಯೇನೂ ಹೊಸದಲ್ಲ. ಲಂಡನ್ನಿನ ಹರ್ಬರ್ಟ್ ಮೇಯೋ 1833ರಲ್ಲೇ ಕೂದಲು ತುಂಬಿದ ಇಂಥ ಕುಳಿಯನ್ನು ಬಣ್ಣಿಸಿದ್ದರು. ಬೋಸ್ಟನ್ನಿನ ಹಾಜಸ್ 1880ರಲ್ಲಿ ಲ್ಯಾಟಿನ್ನಿನ ಎರಡು ಪದ ಕೂಡಿಸಿ ‘ಪೈಲೊನೈಡಲ್’ ಎಂದರು. ಪೈಲಸ್ ಅಂದರೆ ಕೂದಲು, ನೈಡಸ್ ಅಂದರೆ ಗೂಡು. ವೈದ್ಯರು ಇಡುವ ಹೆಸರುಗಳಲ್ಲಿ ಇಷ್ಟು ಚೆಂದದ್ದು ಅಪರೂಪ, ಕಾಯಿಲೆ ಮಾತ್ರ ಹಾಗಿಲ್ಲ.

ಆ ಗೂಡಿಗೆ ಕೂದಲು ಬಂದದ್ದೆಲ್ಲಿಂದ? ಭ್ರೂಣ ಬೆಳೆಯುವಾಗಲೇ ಉಳಿದುಹೋದ ದೋಷವಿದು ಎಂಬುದು ಬಹುಕಾಲ ನಡೆದುಬಂದ ನಂಬಿಕೆ. ಹುಟ್ಟಿನಿಂದ ಬಂದದ್ದಾದರೆ ಬುಡಸಮೇತ ಕೀಳಬೇಕಲ್ಲ! ಹಾಗಾಗಿ ತ್ರಿಕಾಸ್ಥಿಯ ಮೇಲ್ಪದರದವರೆಗೂ ಮಾಂಸ ಕತ್ತರಿಸಿ ತೆಗೆದರು. ಗಾಯ ತೆರೆದೇ ಬಿಟ್ಟರೆ ತುಂಬಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು. ದಿನವೂ ಗಾಜ್ ಬದಲಿಸುವ ಹಿಂಸೆ. ನಡುಗೆರೆಯಲ್ಲೇ ಹೊಲಿದರೆ ಬೆವರು, ತಿಕ್ಕಾಟ, ಸೆಳೆತಕ್ಕೆ ಹೊಲಿಗೆ ಬಿಚ್ಚುತ್ತಿತ್ತು. ಮಾದರೂ ಕಾಯಿಲೆ ಮರಳುತ್ತಿತ್ತು. ಇಪ್ಪತ್ತರ ಹರೆಯದ ಹುಡುಗರು ಕಾಯಿಲೆಗಿಂತ ಚಿಕಿತ್ಸೆಯಿಂದಲೇ ಹೆಚ್ಚು ನರಳಿದರು ಎಂದರೆ ಅತಿಶಯೋಕ್ತಿಯಲ್ಲ ಎಂದು ನನಗನಿಸುತ್ತದೆ.

ಈ ನಂಬಿಕೆಗೆ ಬಲವಾದ ಪೆಟ್ಟು ಕೊಟ್ಟದ್ದು ಒಬ್ಬ ಕ್ಷೌರಿಕನ ಕೈ. ಬೆರಳ ಸಂದಿಯಲ್ಲಿ ಆತನಿಗೆ ಇದೇ ಬಗೆಯ ಗೂಡು ಕಟ್ಟಿತ್ತು. ಒಳಗಿದ್ದದ್ದು ಗಿರಾಕಿಗಳ ಕೂದಲು! ಬೆರಳ ಸಂದಿಯ ಗೂಡಿಗೆ ಭ್ರೂಣದೋಷವನ್ನು ಹೊಣೆ ಮಾಡುವುದು ಹೇಗೆ? ಇಂಗ್ಲೆಂಡಿನ ಪೇಟಿ ಮತ್ತು ಸ್ಕಾರ್ಫ್ 1946ರಿಂದ 1948ರ ನಡುವೆ ಇದನ್ನು ವಾದಿಸಿದರು: ಕೂದಲು ಹೊರಗಿನಿಂದ ಚುಚ್ಚಿಕೊಂಡು ಒಳಹೋಗುತ್ತದೆ.

ಕಾರಣ ಬದಲಾದ ಮೇಲೆ ಕತ್ತರಿಯ ದಾರಿಯೂ ಬದಲಾಗಬೇಕು. ಗ್ರೀಕ್ ಸೇನೆಯ ಶಸ್ತ್ರವೈದ್ಯ ಕರಿಡಾಕಿಸ್ ಹಿಡಿದದ್ದು ಸರಳ ಸೂತ್ರ: ಸಡಿಲ ಕೂದಲು, ಅದನ್ನು ಒಳದೂಡುವ ಒತ್ತಡ, ಅದಕ್ಕೆ ಎಡೆಗೊಡುವ ಚರ್ಮ. ಮೂರನೆಯದನ್ನು ಬದಲಿಸಲು ಅವರು ಗಾಯವನ್ನು ಆಳವಾದ ಸೀಳಿನಿಂದ ಪಕ್ಕಕ್ಕೆ ಸರಿಸಿ ಹೊಲಿದರು, ಸೀಳನ್ನೂ ತೆಳುವಾಗಿಸಿದರು. 1992ರ ಅವರ ವರದಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು; ಮರುಕಳಿಸಿದ್ದು ನೂರಕ್ಕೆ ಒಂದರಷ್ಟು. ಒಬ್ಬರೇ ಬರೆದ ಲೆಕ್ಕ, ಕೊಂಚ ಅನುಮಾನದಿಂದಲೇ ಓದಬೇಕು. ಆದರೆ ಮುಂದೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಿಶೀಲನೆಯೂ ಹೇಳಿದ್ದು ಇದನ್ನೇ: ಹೊಲಿಯುವುದಾದರೆ ನಡುಗೆರೆ ಬಿಟ್ಟು ಹೊಲಿಯಿರಿ. ಲೆನಿನ್‌ಗ್ರಾಡಿನ ಲಿಂಬರ್ಗ್ ರೂಪಿಸಿದ ವಜ್ರಾಕಾರದ ಚರ್ಮದ ಪಟ್ಟಿಯನ್ನೂ ಇದಕ್ಕೆ ಬಳಸುತ್ತಾರೆ. ಒರೆಗಾನಿನ ಜಾನ್ ಬ್ಯಾಸ್ಕಮ್ ಇನ್ನೂ ಕಡಿಮೆ ಕತ್ತರಿಸಿದರು. ಸಣ್ಣ ರಂಧ್ರಗಳನ್ನಷ್ಟೇ ಕಿತ್ತು, ಪಕ್ಕದಿಂದ ಗೂಡನ್ನು ಬರಿದು ಮಾಡಿದರು.

ಹವಾಯಿಯ ಟ್ರಿಪ್ಲರ್ ಸೇನಾ ಆಸ್ಪತ್ರೆಯ ವೈದ್ಯರು 1994ರಲ್ಲಿ ವರದಿ ಮಾಡಿದ ಹಾದಿ ಇನ್ನೂ ಸಾದಾ. ಕೀವಾದರೆ ಪಕ್ಕದಲ್ಲಿ ಸೀಳಿ ಹೊರಬಿಡು, ಸುತ್ತಲ ಕೂದಲನ್ನು ಪ್ರತಿವಾರ ಬೋಳಿಸು, ಚೊಕ್ಕಟವಾಗಿಡು. ಆಸ್ಪತ್ರೆ ವಾಸದ ದಿನಗಳೂ ದೊಡ್ಡ ಶಸ್ತ್ರಚಿಕಿತ್ಸೆಗಳೂ ತೀರಾ ಇಳಿದವು. ಯುದ್ಧಕಾಲದಲ್ಲಿ ಮೂಳೆಯವರೆಗೆ ಕತ್ತರಿಸಿದ ಅದೇ ಸೇನೆ, ಐವತ್ತು ವರ್ಷದ ನಂತರ ಕೈಗೆತ್ತಿಕೊಂಡದ್ದು ಕ್ಷೌರದ ಕತ್ತಿ.